ಎರಡು ಸಾವಿರ ರೂಪಾಯಿ, ಒಂದು ಚೀಲ ತೊಗರಿ

ಕಲಬುರಗಿ ಸೀಮೆಯ ಎರೆಹೊಲಗಳಲ್ಲಿ ಜನವರಿ ಎಂದರೆ ತೊಗರಿ ರಾಶಿಯ ಕಾಲ. ಚೀಲಕ್ಕೆ ಬಿದ್ದ ಕಾಳು ಮನೆಯ ಪಡಸಾಲೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನೋಡಿದರೆ ಸಾಕು, ಆ ಮನೆಯ ಸ್ಥಿತಿಗತಿ ತಿಳಿಯುತ್ತದೆ. ಉಳ್ಳವರ ಮನೆಯಲ್ಲಿ ಅದು ಯುಗಾದಿಯವರೆಗೂ ಇರಬಹುದು. ದರ ಏರಿದಾಗ ಮಾರುತ್ತಾರೆ. ಎರಡೆಕರೆ ಒಣಬೇಸಾಯದವರ ಮನೆಯಲ್ಲಿ ಒಂದು ರಾತ್ರಿಯೂ ಉಳಿಯುವುದಿಲ್ಲ. ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟ ದಲಾಲಿಯ ಅಂಗಡಿಗೆ ಆ ಚೀಲ ಹೊಲದಿಂದಲೇ ಹೋಗಿಬಿಡುತ್ತದೆ, ಅಂದಿನ ದರಕ್ಕೆ, ಆತ ಹಾಕಿದ ತೂಕಕ್ಕೆ. ಸರ್ಕಾರದ ಬೆಂಬಲ ಬೆಲೆ ಖರೀದಿ ಕೇಂದ್ರ ಹತ್ತಿರದಲ್ಲೇ ಇದ್ದರೂ ಅಲ್ಲಿ ನೋಂದಣಿಗೆ ಕಾಯಬೇಕು, ತೂಕಕ್ಕೆ ಕಾಯಬೇಕು, ಖಾತೆಗೆ ಹಣ ಬರಲು ಮತ್ತೆ ಕಾಯಬೇಕು. ಬಡವರ ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಇರುವುದು ಈ ಕಾಯುವ ಶಕ್ತಿಯೇ.

ಬಡ ಕುಟುಂಬದ ಖಾತೆಗೆ ನೇರವಾಗಿ ಹಣ ಹಾಕುವ ಯೋಜನೆಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಮೊತ್ತದ ಸುತ್ತಲೇ ಸುತ್ತುತ್ತದೆ. ಎರಡು ಸಾವಿರದಲ್ಲಿ ಏನಾಗುತ್ತದೆ ಎಂದು ಒಬ್ಬರು ಕೇಳುತ್ತಾರೆ. ಖಜಾನೆ ಬರಿದಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ನಾನು ಇಲ್ಲಿ ವಿವರಿಸಬೇಕೆಂದಿರುವುದು ಇನ್ನೊಂದು ವಿಷಯ. ಈ ಹಣ ಬಡ ಮನೆಯಲ್ಲಿ ಮಾಡುವ ಕೆಲಸದ ಬಹುಪಾಲು ನಿಂತಿರುವುದು ಅದು ಬರುವ ದಿನದ ಮೇಲೆ. ತಪ್ಪದೆ ಬರುತ್ತದೆ ಎಂಬ ನಂಬಿಕೆ ಇದ್ದರೆ ಎರಡು ಸಾವಿರ ನಾಲ್ಕು ಸಾವಿರದ ಕೆಲಸ ಮಾಡುತ್ತದೆ. ಆ ನಂಬಿಕೆ ಹೋದರೆ ಎರಡು ಸಾವಿರಕ್ಕೆ ಎರಡು ಸಾವಿರದ ಬೆಲೆಯೂ ಇರುವುದಿಲ್ಲ.

ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯನ್ನೇ ತೆಗೆದುಕೊಳ್ಳೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಗಳನ್ನು ಬಿಟ್ಟು ಉಳಿದವರೆಲ್ಲ ಅರ್ಹರು. ಒಂದು ಕೋಟಿಗೂ ಹೆಚ್ಚು ಮಹಿಳೆಯರು ಇದರ ವ್ಯಾಪ್ತಿಯಲ್ಲಿದ್ದಾರೆ. ವರ್ಷದ ಖರ್ಚು 28 ಸಾವಿರ ಕೋಟಿ ರೂಪಾಯಿಯನ್ನು ದಾಟುತ್ತದೆ. ಇಷ್ಟು ದೊಡ್ಡ ಮೊತ್ತ ಒಂದೊಂದು ಮನೆಯಲ್ಲಿ ಏನಾಗಿ ಬದಲಾಗುತ್ತದೆ ಎಂದು ನೋಡಬೇಕಾದರೆ ಅಡುಗೆಮನೆಯ ಲೆಕ್ಕಕ್ಕೇ ಇಳಿಯಬೇಕು.

ಕೇಂದ್ರ ಸರ್ಕಾರದ 2023-24ರ ಕುಟುಂಬ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ 4,122 ರೂಪಾಯಿ. ತೀರಾ ಕೆಳಗಿನ ಶೇಕಡಾ 5ರಷ್ಟು ಜನರದು 1,677 ರೂಪಾಯಿ. ಅಂಥ ಮನೆಯಲ್ಲಿ ಐದು ಜನರಿದ್ದರೆ ತಿಂಗಳ ಒಟ್ಟು ವೆಚ್ಚ ಎಂಟು ಸಾವಿರದ ಆಸುಪಾಸು. ಅದರ ಪಕ್ಕದಲ್ಲಿ 2,000 ರೂಪಾಯಿ ಇಟ್ಟು ನೋಡಿ, ಸುಮಾರು ಕಾಲು ಭಾಗ. ನಗರದಲ್ಲಿ ಸಂಬಳ ಪಡೆಯುವವರಿಗೆ ಒಂದು ಹೊತ್ತಿನ ಹೋಟೆಲ್ ಊಟದ ಬಿಲ್ಲಿನಂತೆ ಕಾಣುವ ಹಣ ಇಲ್ಲಿ ಒಂದು ವಾರಕ್ಕೂ ಹೆಚ್ಚಿನ ಬದುಕು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಎರಡೆಕರೆ ತೊಗರಿ ಹೊಲ. ಜೂನ್‌ನಲ್ಲಿ ಬಿತ್ತನೆ, ಅದೇ ತಿಂಗಳಲ್ಲಿ ಶಾಲೆಯೂ ಶುರು. ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್, ಮಕ್ಕಳ ನೋಟ್‌ಬುಕ್ಕು ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ಬೇಕು. ಕೈಯಲ್ಲಿ ಏನೂ ಇಲ್ಲ. ಊರಿನ ಕೈಸಾಲದ ದರ ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದಿಟ್ಟುಕೊಳ್ಳೋಣ. ಕೇಳಲು ಸಣ್ಣದಾಗಿ ಕಾಣುವ ಈ ಐದು ರೂಪಾಯಿ ವರ್ಷಕ್ಕೆ ಶೇಕಡಾ 60 ಆಗುತ್ತದೆ. ಹತ್ತು ಸಾವಿರಕ್ಕೆ ತಿಂಗಳಿಗೆ 500. ತೊಗರಿ ಕೈಗೆ ಬರುವ ಹೊತ್ತಿಗೆ ಏಳು ತಿಂಗಳು ಕಳೆದು ಬಡ್ಡಿಯೇ 3,500. ಇದೇ ಮನೆಗೆ ಮಾರ್ಚ್, ಏಪ್ರಿಲ್, ಮೇ ತಿಂಗಳ ಕಂತುಗಳು ತಪ್ಪದೆ ಬಂದು, ಆ ಆರು ಸಾವಿರವನ್ನು ಹೇಗೋ ಎತ್ತಿಟ್ಟರೆ ಸಾಲ ನಾಲ್ಕು ಸಾವಿರಕ್ಕೆ ಇಳಿಯುತ್ತದೆ, ಬಡ್ಡಿ 1,400ಕ್ಕೆ. ಉಳಿದದ್ದು 2,100 ರೂಪಾಯಿ. ಇನ್ನೊಂದು ತಿಂಗಳ ಕಂತಿಗಿಂತ ಹೆಚ್ಚು!

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಬೀಜದ ಸಾಲ ದಲಾಲಿಯದಲ್ಲದಿದ್ದರೆ ಕಾಳು ಅವನಿಗೇ ಹಾಕಬೇಕೆಂಬ ಕಟ್ಟೂ ಇಲ್ಲ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ, 2025-26ಕ್ಕೆ 8,000. ರಾಶಿಯ ಕಾಲದಲ್ಲಿ ದಲಾಲಿ ಅದಕ್ಕಿಂತ ಎಂಟುನೂರು ಕಡಿಮೆ ಕೊಟ್ಟ ಎಂದುಕೊಂಡರೆ, ಎರಡೆಕರೆಯ ಆರು ಕ್ವಿಂಟಲ್‌ಗೆ 4,800 ರೂಪಾಯಿ ಕೈತಪ್ಪುತ್ತದೆ. ಖರೀದಿ ಕೇಂದ್ರದಲ್ಲಿ ಮೂರು ನಾಲ್ಕು ವಾರ ಕಾಯಲು ಮನೆಯಲ್ಲಿ ಜೋಳ, ಎಣ್ಣೆ, ಅತ್ತೆಯ ಮಾತ್ರೆಗೆ ದುಡ್ಡು ಇದ್ದರೆ ಆ ನಷ್ಟ ಇಲ್ಲ. ಬೆಂಬಲ ಬೆಲೆಯೊಂದನ್ನು ಬಿಟ್ಟರೆ ಈ ಮನೆಯ ಲೆಕ್ಕದ ಅಂಕಿಗಳು ಉದಾಹರಣೆಗೆಂದು ನಾನು ಹಿಡಿದವು. ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಅವು ಬದಲಾಗುತ್ತವೆ. ಲೆಕ್ಕದ ದಿಕ್ಕು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ.

ಕೈಯಲ್ಲಿ ಹಣವಿಲ್ಲದಿರುವುದು ಬುದ್ಧಿಯ ಮೇಲೂ ಭಾರ ಹೇರುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಬ್ಬಿನ ಹಣ ಕೈಸೇರುವ ಮೊದಲು ಮತ್ತು ಸೇರಿದ ಮೇಲೆ ಅದೇ ರೈತರಿಗೆ ಯೋಚನಾಶಕ್ತಿಯ ಪರೀಕ್ಷೆ ಕೊಟ್ಟರು. ಮನುಷ್ಯರು ಅವರೇ, ಪರೀಕ್ಷೆಯ ಬಗೆಯೂ ಅದೇ. ಹಣ ಬಂದ ಮೇಲೆ ಸ್ಪಷ್ಟವಾಗಿ ಚೆನ್ನಾಗಿ ಮಾಡಿದರು. ನಾಳೆಯ ಕಂತು ಹೇಗೆ ಕಟ್ಟುವುದು ಎಂಬ ಚಿಂತೆ ತಲೆಯಲ್ಲಿ ಕೂತಿರುವಾಗ ಮತ್ತೊಂದಕ್ಕೆ ಜಾಗವಿರುವುದಿಲ್ಲ. ಬಡವರಿಗೆ ಹಣ ನಿಭಾಯಿಸಲು ಬರುವುದಿಲ್ಲ ಎಂದು ಸಲೀಸಾಗಿ ಹೇಳುವವರು ಈ ಅಧ್ಯಯನವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ದಿನ ತಪ್ಪದ ಹಣದ ಬಲ ಎಷ್ಟು ಎಂಬುದು ಅತ್ಯಂತ ನಿಚ್ಚಳವಾಗಿ ಕಂಡದ್ದು ಕೀನ್ಯಾದಲ್ಲಿ. ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಅಲ್ಲಿನ ಹಳ್ಳಿಗಳಲ್ಲಿ ಯಾವ ಷರತ್ತೂ ಇಲ್ಲದೆ ಜನರ ಮೊಬೈಲ್ ಖಾತೆಗೇ ಹಣ ಹಾಕುತ್ತದೆ. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ ಮತ್ತವರ ಸಂಗಡಿಗರು ಅಲ್ಲಿ ಹಳ್ಳಿಗಳನ್ನು ಗುಂಪು ಮಾಡಿ ಪರೀಕ್ಷಿಸಿದರು. ಒಂದು ಗುಂಪಿಗೆ ತಿಂಗಳು ತಿಂಗಳು ಹಣ, ಎರಡು ವರ್ಷ ಮಾತ್ರ. ಇನ್ನೊಂದಕ್ಕೆ ತಿಂಗಳಿಗೆ ಅಷ್ಟೇ ಹಣ, ಆದರೆ ಹನ್ನೆರಡು ವರ್ಷ ಕೊಡುತ್ತೇವೆಂಬ ಮಾತು. ಮೂರನೆಯದಕ್ಕೆ ಎರಡು ವರ್ಷದ ಹಣವನ್ನು ಒಂದೇ ಸಲ ಕೊಟ್ಟರು. ಮೊದಲ ಎರಡು ವರ್ಷ ಮುಗಿದಾಗ ಮೂರೂ ಕಡೆ ಕೈಸೇರಿದ ಹಣ ಹೆಚ್ಚುಕಡಿಮೆ ಒಂದೇ. ಆದರೆ ಹನ್ನೆರಡು ವರ್ಷದ ಭರವಸೆ ಪಡೆದವರು ಎರಡು ವರ್ಷದವರಿಗಿಂತ ಹೆಚ್ಚು ಉಳಿಸಿದ್ದರು, ಹೆಚ್ಚು ಸಣ್ಣ ವ್ಯಾಪಾರ ಶುರು ಮಾಡಿದ್ದರು. ಜೇಬಿಗೆ ಬಂದದ್ದು ಅಷ್ಟೇ ಆದರೂ ಮುಂದೆಯೂ ಬರುತ್ತದೆ ಎಂಬ ಧೈರ್ಯವೇ ವ್ಯತ್ಯಾಸ ತಂದಿತು.

ಅದಕ್ಕಿಂತ ನನಗೆ ಆಪ್ತವೆನಿಸಿದ ಸಂಗತಿ ಇನ್ನೊಂದಿದೆ. ಆ ಹನ್ನೆರಡು ವರ್ಷದ ಗುಂಪಿನವರು ತಿಂಗಳ ಸಣ್ಣ ಹಣವನ್ನು ದೊಡ್ಡ ಗಂಟಾಗಿಸಲು ಹಿಡಿದ ದಾರಿ ಚೀಟಿ. ಹೌದು, ನಮ್ಮ ಹಳ್ಳಿಯ ಹೆಂಗಸರು ಹಾಕುವಂಥದ್ದೇ. ಹತ್ತು ಜನ ತಿಂಗಳಿಗೆ ಸಾವಿರ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ ಹತ್ತು ಸಾವಿರ. ಈ ವ್ಯವಸ್ಥೆ ನಿಂತಿರುವುದೇ ಮುಂದಿನ ತಿಂಗಳೂ ಎಲ್ಲರೂ ಹಾಕುತ್ತಾರೆ ಎಂಬ ನಂಬಿಕೆಯ ಮೇಲೆ. ಕೂಲಿಯನ್ನೇ ನೆಚ್ಚಿದವಳು ಚೀಟಿಗೆ ಸೇರಲು ಹಿಂದೆಮುಂದೆ ನೋಡುತ್ತಾಳೆ, ಅವಳನ್ನು ಸೇರಿಸಿಕೊಳ್ಳಲು ಉಳಿದವರೂ ಅಳುಕುತ್ತಾರೆ. ತಿಂಗಳಿಗೊಂದು ಖಚಿತ ಹಣ ಇದೆ ಎಂದಾದರೆ ಅವಳಿಗೂ ಅಲ್ಲೊಂದು ಜಾಗ ಸಿಗುತ್ತದೆ. ಹೊಲಿಗೆ ಯಂತ್ರ, ಒಂದು ಜೊತೆ ಮೇಕೆ ಮರಿ, ಮಗಳ ಕಾಲೇಜಿನ ಶುಲ್ಕ ಎಲ್ಲ ಬರುವುದು ಆ ಗಂಟಿನಿಂದಲೇ. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ತಮ್ಮ ಗೃಹಲಕ್ಷ್ಮಿ ಹಣ ಕೂಡಿಟ್ಟು ಹೊಲದಲ್ಲಿ ಕೊಳವೆಬಾವಿ ಕೊರೆಸಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಅದೇ ಹಣದಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದರು. ಇದನ್ನು ದುಂದು ಎಂದವರೂ ಇದ್ದರು. ಜೀವಮಾನವಿಡೀ ಬೇರೆಯವರ ಪಂಕ್ತಿಯಲ್ಲಿ ಕೂತು ಉಂಡವರಿಗೆ ಒಮ್ಮೆಯಾದರೂ ತಾನು ಬಡಿಸಬೇಕು ಎನಿಸುವುದು ನನಗಂತೂ ಚೆನ್ನಾಗಿ ಅರ್ಥವಾಗುತ್ತದೆ.

ಹಣ ಹೆಂಗಸಿನ ಹೆಸರಿಗೇ ಬರುವುದರ ಪರಿಣಾಮ ಬೇರೆಯದೇ. ಹೊಲ ಗಂಡನ ಹೆಸರಲ್ಲಿ, ಆದ್ದರಿಂದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಗಂಡನ ಖಾತೆಗೆ. ಬೆಳೆ ಮಾರಿದ ಹಣವೂ ಅಲ್ಲಿಗೇ. ಮನೆ ನಡೆಸುವವಳು ಮಾತ್ರ ಪ್ರತಿಯೊಂದಕ್ಕೂ ಕೈಚಾಚಬೇಕು. ಗೃಹಲಕ್ಷ್ಮಿ ಹಣ ಬಂದ ದಿನ ಕಿರಾಣಿ ಅಂಗಡಿಯಲ್ಲಿ ಏನಾಗುತ್ತದೆ ನೋಡಿ. ಅಂಗಡಿಯವನು ಗಲ್ಲಾದ ಕೆಳಗಿನಿಂದ ಉದ್ದನೆಯ ಉದ್ರಿ ಪುಸ್ತಕ ತೆಗೆಯುತ್ತಾನೆ. ‘ಅಕ್ಕಾ, ಹೋದ ತಿಂಗಳದ್ದು 860 ಇದೆ’ ಎನ್ನುತ್ತಾನೆ. ಅವಳು ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಡುತ್ತಾಳೆ, ಅವನು ಆ ಪುಟಕ್ಕೆ ಅಡ್ಡಗೆರೆ ಎಳೆಯುತ್ತಾನೆ. ಅಡ್ಡಗೆರೆ ಬಿದ್ದ ಮೇಲೆ ಅವಳು ಬೇಳೆಯನ್ನು ಆರಿಸಿ ತೆಗೆದುಕೊಳ್ಳುತ್ತಾಳೆ, ಎಣ್ಣೆಯ ದರ ಕೇಳುತ್ತಾಳೆ, ಹೆಚ್ಚಾಯಿತು ಎನ್ನುತ್ತಾಳೆ. ಉದ್ರಿಯಲ್ಲಿರುವವರು ದರ ಕೇಳುವುದಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ.

ಈ ಹಣ ಕುಡಿತಕ್ಕೆ ಹೋಗುವುದಿಲ್ಲವೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೆಲವು ಮನೆಗಳಲ್ಲಿ ಹೋಗುತ್ತದೆ. ಗಂಡ ಕಿತ್ತುಕೊಳ್ಳುವ ಮನೆಗಳಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಟ್ಟಾರೆ ಏನಾಗುತ್ತದೆ ಎಂದು ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಹೆಚ್ಚಾದದ್ದು ಕಾಣಲಿಲ್ಲ. ಜನ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೂ ಇಂಥದ್ದೇ ಉತ್ತರ ಸಿಕ್ಕಿದೆ: ಆರು ದೇಶಗಳ ಏಳು ಯೋಜನೆಗಳನ್ನು ಪರಿಶೀಲಿಸಿದಾಗ ಜನರು ಕೆಲಸ ಕಡಿಮೆ ಮಾಡಿದ್ದು ಕಂಡುಬರಲಿಲ್ಲ. ಮಧ್ಯಪ್ರದೇಶದ ಇಂದೋರ್ ಜಿಲ್ಲೆಯ ಹಳ್ಳಿಗಳಲ್ಲಿ ‘ಸೇವಾ’ (SEWA) ಎಂಬ ದುಡಿಯುವ ಮಹಿಳೆಯರ ಸಂಘಟನೆ ಯುನಿಸೆಫ್ ನೆರವಿನೊಂದಿಗೆ 2011-12ರಲ್ಲಿ ವಯಸ್ಕರಿಗೆ ತಿಂಗಳಿಗೆ 200, ಮಕ್ಕಳಿಗೆ 100 ರೂಪಾಯಿಯಿಂದ ಆರಂಭಿಸಿ ಹಣ ಕೊಟ್ಟು ನೋಡಿತ್ತು. ಅಲ್ಲಿ ಜನ ಬೇರೆಯವರ ಹೊಲದ ಕೂಲಿ ತಗ್ಗಿಸಿ ತಮ್ಮದೇ ತುಂಡು ಭೂಮಿಯ ಮೇಲೆ ಹೆಚ್ಚು ದುಡಿಯತೊಡಗಿದರು. ಕುರಿ, ಮೇಕೆ ಕೊಂಡರು. ಮಕ್ಕಳ ತೂಕ ಸುಧಾರಿಸಿತು, ಅದರಲ್ಲೂ ಹೆಣ್ಣುಮಕ್ಕಳದು. ಕೂಲಿಯಾಳು ಸಿಗುವುದಿಲ್ಲ ಎಂದು ದೊಡ್ಡ ಹಿಡುವಳಿದಾರರು ಗೊಣಗುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ. ಆಳು ಮನೆಯಲ್ಲಿ ಮಲಗಿಲ್ಲ, ತನ್ನ ಹೊಲದಲ್ಲಿದ್ದಾನೆ.

ಇಷ್ಟೆಲ್ಲ ಆಗಬೇಕಾದರೆ ಹಣ ಕೈಗೆ ಬರಬೇಕು. ಖಜಾನೆಯಿಂದ ಕೈವರೆಗಿನ ಆ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಹಳಷ್ಟು ಮಹಿಳೆಯರು ಸಿಕ್ಕಿಕೊಳ್ಳುವುದು ಅಲ್ಲೇ. ಇಲಾಖೆ ಹಣ ಕಳಿಸುವುದು ಖಾತೆ ಸಂಖ್ಯೆ ನೋಡಿಕೊಂಡಲ್ಲ, ಆಧಾರ್ ಸಂಖ್ಯೆಯನ್ನು ನೋಡಿಕೊಂಡು. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ಪಟ್ಟಿ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇರುತ್ತದೆ. ಒಬ್ಬರಿಗೆ ನಾಲ್ಕು ಖಾತೆಗಳಿದ್ದರೂ ಆ ಪಟ್ಟಿಯಲ್ಲಿ ನಿಲ್ಲುವುದು ಒಂದೇ ಬ್ಯಾಂಕು, ಕೊನೆಯದಾಗಿ ಜೋಡಿಸಿದ್ದು. ಎಂದೋ ಸಾಲಕ್ಕಾಗಿ, ಗ್ಯಾಸ್ ಸಬ್ಸಿಡಿಗಾಗಿ ಯಾರೋ ತೆರೆಸಿದ ಖಾತೆ ಕೊನೆಯದಾಗಿ ಜೋಡಣೆಯಾಗಿದ್ದರೆ ಹಣ ಸೀದಾ ಅಲ್ಲಿಗೆ. ಯಜಮಾನಿ ತನ್ನ ಮಾಮೂಲಿ ಪಾಸ್‌ಬುಕ್ ನಮೂದಿಸಿಕೊಂಡು ‘ಬಂದಿಲ್ಲ’ ಎಂದು ಮರಳುತ್ತಾಳೆ. ಹಣ ಬೇರೆ ಬ್ಯಾಂಕಿನಲ್ಲಿ ಕೂತಿರುತ್ತದೆ. ಪಡಿತರ ಚೀಟಿಯ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ಹೊಂದದಿದ್ದರೂ ತೊಡಕು. ಯಜಮಾನಿ ತೀರಿಕೊಂಡರೆ ಪಡಿತರ ಚೀಟಿಯಲ್ಲಿ ಹೊಸ ಯಜಮಾನಿಯ ಹೆಸರು ಬರುವವರೆಗೆ ಆ ಮನೆಗೆ ಹಣವಿಲ್ಲ.

ಕೊನೆಯ ಮೆಟ್ಟಿಲು ಹೆಬ್ಬೆಟ್ಟು. ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರನ ಸಣ್ಣ ಯಂತ್ರದ ಗಾಜಿನ ಮೇಲೆ ಬೆರಳಿಡಬೇಕು. ಹತ್ತಿ ಬಿಡಿಸಿ, ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣುವುದಿಲ್ಲ. ಸೆರಗಿಗೆ ಒರೆಸಿ ಇಡುತ್ತಾಳೆ, ಆಗುವುದಿಲ್ಲ. ತಲೆಗೂದಲಿಗೆ ತಿಕ್ಕಿ ಎಣ್ಣೆಪಸೆ ಹತ್ತಿಸಿ ಇಡುತ್ತಾಳೆ. ಇನ್ನೊಂದು ಬೆರಳು. ಹಿಂದೆ ಸಾಲು ನಿಂತಿದೆ. ಬೆರಳು ಹೊಂದಿದರೆ ನಡೆದು ಬಂದ ದಾರಿ ಸಾರ್ಥಕ, ಹೊಂದದಿದ್ದರೆ ಅಂದಿನ ಕೂಲಿಯೂ ಇಲ್ಲ, ಹಣವೂ ಇಲ್ಲ. ಉದ್ಯೋಗ ಖಾತ್ರಿಯ ಕೂಲಿ ಕರ್ನಾಟಕದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ಸಲ ಬರಿಗೈಲಿ ಮರಳಿದರೆ ಕಂತಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಹಾಗೇ ಕರಗಿತು. ಈ ಲೆಕ್ಕ ಯಾವ ಇಲಾಖೆಯ ಪುಸ್ತಕದಲ್ಲೂ ಇರುವುದಿಲ್ಲ.

ಹಣ ಒಳ್ಳೆಯದೋ ಧಾನ್ಯ ಒಳ್ಳೆಯದೋ ಎಂಬ ಹಳೆಯ ಚರ್ಚೆಗೂ ಕರ್ನಾಟಕದಲ್ಲೇ ಒಂದು ಪಾಠ ಸಿಕ್ಕಿದೆ. 2023ರಲ್ಲಿ ಭಾರತ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ, ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಿತು. ಅಂಗಡಿಯಲ್ಲಿ ಆ ದರಕ್ಕೆ ತಿನ್ನುವಂಥ ಅಕ್ಕಿ ಸಿಗುತ್ತಿರಲಿಲ್ಲ. 2025ರಲ್ಲಿ ಮತ್ತೆ ಅಕ್ಕಿಯೇ ಬಂದಿತು. ಧಾನ್ಯಕ್ಕೆ ಬೆಲೆಯೇರಿಕೆಯ ಭಯವಿಲ್ಲ, ಹಣಕ್ಕೆ ಇದೆ. ಕೇಂದ್ರದ ವೃದ್ಧಾಪ್ಯ ವೇತನದ ಪಾಲು 80 ವರ್ಷದೊಳಗಿನವರಿಗೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ 200 ರೂಪಾಯಿಯಲ್ಲೇ ನಿಂತಿದೆ. ಗೃಹಲಕ್ಷ್ಮಿಯ ಎರಡು ಸಾವಿರವನ್ನೂ ದರ ಏರಿದಂತೆ ಏರಿಸುವ ನಿಯಮವಿಲ್ಲದಿದ್ದರೆ ಅದೂ ಹೀಗೆಯೇ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ.

ಹಣ ಮಾಡಲಾಗದ ಕೆಲಸಗಳೂ ಇವೆ. ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ, ಶಾಲೆಗೆ ಗಣಿತದ ಮೇಷ್ಟ್ರು ಬಾರದಿದ್ದರೆ ಎರಡು ಸಾವಿರ ಅವರನ್ನು ತಂದು ಕೊಡುವುದಿಲ್ಲ. ಅತ್ತೆಯೇ ಯಜಮಾನಿಯಾದ ಕೂಡುಮನೆಯಲ್ಲಿ ಇಬ್ಬರು ಸೊಸೆಯರಿಗೆ ಬಿಡಿಗಾಸೂ ಬಾರದೆ ಪಡಿತರ ಚೀಟಿ ಬೇರೆ ಮಾಡಿಸುವ ಜಗಳಗಳು ಹುಟ್ಟಿವೆ. ಪಡಿತರ ಚೀಟಿಯೇ ಇಲ್ಲದ ಕುಟುಂಬದ ಪಾಲಿಗೆ ಈ ಯೋಜನೆ ಇಲ್ಲವೇ ಇಲ್ಲ. ಇವೆಲ್ಲ ನಿಜವಾದ ಕೊರತೆಗಳು. ಆದರೂ ನನ್ನ ಮಟ್ಟಿಗೆ ಅತಿ ದೊಡ್ಡ ಕೊರತೆ ತಡ. ಗೃಹಲಕ್ಷ್ಮಿ ಕಂತುಗಳು ತಿಂಗಳುಗಟ್ಟಲೆ ನಿಂತು ಆಮೇಲೆ ಒಂದೆರಡು ಒಟ್ಟಿಗೆ ಬಂದದ್ದುಂಟು. ಒಟ್ಟು ಮೊತ್ತ ತಪ್ಪಲಿಲ್ಲವಲ್ಲ ಎಂದು ಸಮಾಧಾನ ಹೇಳುವವರಿಗೆ ಮೈಕ್ರೋ ಫೈನಾನ್ಸಿನ ವಾರದ ಕಂತು ಕಟ್ಟಿ ಗೊತ್ತಿಲ್ಲ. ಆ ಕಂತು ವಾರ ತಪ್ಪುವಂತಿಲ್ಲ. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳನ್ನು ನಾಡು ನೋಡಿದೆ. ಅದೇ ಫೆಬ್ರುವರಿಯಲ್ಲಿ ಸರ್ಕಾರ ಕಿರುಕುಳ ತಡೆಗೆ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಕೊಟ್ಟವನು ದಿನ ಬಿಡದೆ ಬರುವಾಗ ನೆರವು ಮಾತ್ರ ತನಗೆ ಬೇಕಾದಾಗ ಬಂದರೆ, ನಡುವಿನ ಖಾಲಿಯನ್ನು ತುಂಬುವುದು ಹೊಸ ಸಾಲವೇ. ಮೂರು ತಿಂಗಳ ನಂತರ ಬಂದ ಆರು ಸಾವಿರದ ಒಂದು ಪಾಲು ಬಡ್ಡಿಯ ಹೆಸರಿನಲ್ಲಿ ಆಗಲೇ ಬೇರೆಯವರದಾಗಿರುತ್ತದೆ.

ತಿಂಗಳ ಇಂಥ ದಿನವೇ ಹಣ ಖಾತೆಗೆ ಎಂದು ಸರ್ಕಾರ ಒಂದು ತಾರೀಕು ಗೊತ್ತುಮಾಡಿ, ಆ ಮಾತು ನಡೆಸಿಕೊಟ್ಟರೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲದೆ ಈ ಯೋಜನೆಯ ಫಲ ಎಷ್ಟೋ ಹೆಚ್ಚಾಗುತ್ತದೆ. ನೌಕರರ ಸಂಬಳಕ್ಕೆ ತಾರೀಕು ಇದೆ. ಯಜಮಾನಿಗೂ ಇರಲಿ.

ನಿಮ್ಮ ಊರಿನಲ್ಲಿ, ನಿಮ್ಮ ನೆಂಟರಲ್ಲಿ ಯಾರಿಗಾದರೂ ಹಣ ನಿಂತಿದ್ದರೆ ಮೊದಲು ಅವರ ಆಧಾರ್ ಸದ್ಯ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅವರ ಆಧಾರ್ ಸಂಖ್ಯೆ ಕೊಟ್ಟು, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಆ ಹೆಸರು ಅವರು ಮರೆತೇಬಿಟ್ಟ ಬ್ಯಾಂಕಿನದಾಗಿದ್ದರೆ ಹಳೆಯ ಪಾಸ್‌ಬುಕ್ ಹುಡುಕಿಸಿ. ಟ್ರಂಕಿನ ತಳದಲ್ಲೋ ದೇವರ ಪಟದ ಹಿಂದೆಯೋ ಇರುತ್ತದೆ. ಹಿಂದಿನ ಕಂತುಗಳೆಲ್ಲ ಆ ಖಾತೆಯಲ್ಲೇ ಕೂತಿರಬಹುದು, ಈ ಸಲದ ತೊಗರಿಯನ್ನು ಮೂರು ವಾರ ಪಡಸಾಲೆಯಲ್ಲಿ ಇಟ್ಟುಕೊಳ್ಳಲು ಸಾಲುವಷ್ಟು.